ಪಕ್ಕದ ಟೆಂಟಿನವನು

"ಕ್ಷಮಿಸಿ, ಸುತ್ತಿಗೆ ಇದ್ರೆ ಸ್ವಲ್ಪ ಕೊಡ್ತೀರಾ? ನಮ್ಮ ಟೆಂಟಿನ ಗೂಟ ನೆಲಕ್ಕೆ ಇಳೀತಾನೇ ಇಲ್ಲ..."

ಪಕ್ಕದ ಟೆಂಟಿನ ಮುಂದೆ ಬೆನ್ನು ಮಾಡಿ ಕೂತು ಒಲೆ ಹಚ್ಚುತ್ತಿದ್ದವನು ತಿರುಗಿದ.

ಅವನು! ನಾಲ್ಕು ವರ್ಷಗಳ ಹಿಂದೆ ಅವಳು ಬಿಟ್ಟುಬಂದ ಗಂಡ!

ಅವನ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳಿನವರೆಗೂ ಉರಿದುಬಂತು. ಆಗಲೇ ಅವನಿಗೆ ಎಚ್ಚರವಾದದ್ದು. "ಸ್..." ಎಂದು ಕೈ ಕೊಡವಿದ.

"ಸುಟ್ಟಿತಾ?"

ಛೇ! ಕೇಳಬಾರದು ಎಂದುಕೊಳ್ಳುವಷ್ಟರಲ್ಲಿ ಕೇಳಿಯಾಗಿತ್ತು.

"ಇಲ್ಲ," ಎಂದ. "ನೀನು... ಇಲ್ಲಿ?"

ಅವಳು ಹಿಂದೆ ತಿರುಗಿ ನೋಡಿದಳು. ಪೈನ್ ಮರದ ಕೆಳಗೆ, ಮಡಿಸುವ ಕುರ್ಚಿಯಲ್ಲಿ, ಅವಳ ಅತ್ತೆ ಕೂತಿದ್ದರು. ಸರೋವರದಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ಅತ್ತಲೇ ದೃಷ್ಟಿ ನೆಟ್ಟಿದ್ದರು.

"ಅತ್ತೇ! ಇದು ನಿಮ್ಮ ಕೆಲಸಾನಾ?"

"ಏನಂದೆ? ನಂಗೆ ಕಿವಿ ಸ್ವಲ್ಪ ಮಂದ ಕಣೇ."

"ನಿಮಗೆ ನೋವಿದ್ದಿದ್ದು ಮಂಡೀಲಿ. ಕಿವೀಲಲ್ಲ!"

ಅವಳಿಗೆ ಈಗ ಎಲ್ಲ ಅರ್ಥವಾಯಿತು.

ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರ ಕಾಲನ್ನು ಬಗ್ಗಿಸಿ, ಚಾಚಿಸಿ, ಬೈದು, ಪುಸಲಾಯಿಸಿ ಮತ್ತೆ ನಡೆಸುವುದು ಅವಳ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ದಿನ ಅವಳ ವಾರ್ಡಿಗೆ ಬಂದ ರೋಗಿ ಬೇರೆ ಯಾರೂ ಅಲ್ಲ, ಈ ಅತ್ತೆಯೇ. ಮಗನ ಮೇಲಿನ ಸಿಟ್ಟನ್ನು ತಾಯಿಯ ಮಂಡಿಯ ಮೇಲೆ ತೀರಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ದಿನಾ ಕೈಹಿಡಿದು ಉದ್ದನೆಯ ವರಾಂಡದಲ್ಲಿ ನಡೆಸಿದಳು.

ಅತ್ತೆ ಊರುಗೋಲು ಬಿಟ್ಟ ದಿನ ಒಂದು ಆಸೆ ಹೇಳಿಕೊಂಡಿದ್ದರು. "ರಾಷ್ಟ್ರೀಯ ಅರಣ್ಯದಲ್ಲಿ ಒಂದು ಸರೋವರ ಇದ್ಯಂತೆ, ದಡದಲ್ಲೇ ಟೆಂಟ್ ಹಾಕೋಕೆ ಬಿಡ್ತಾರಂತೆ. ಒಂದ್ಸಲ ಕರ್ಕೊಂಡ್ ಹೋಗೇ... ನೀನಾದ್ರೆ ನಂಗೆ ಧೈರ್ಯ."

ಪಕ್ಕದ ಜಾಗದಲ್ಲಿ ಮಗನಿರುತ್ತಾನೆ ಎನ್ನುವುದನ್ನು ಮಾತ್ರ ನುಂಗಿಕೊಂಡಿದ್ದರು.

"ಏಳಿ ಅತ್ತೆ, ಹೊರಡೋಣ."

"ಇಷ್ಟು ದೂರ ಕೂತು ಬಂದು, ಈಗಲೇ ಮತ್ತೆ ಕಾರಲ್ಲಿ ಕೂತ್ರೆ ಮಂಡಿ ಊದ್ಕೊಳ್ಳುತ್ತೆ. ನೀನೇ ಹೇಳಿದ್ದಲ್ವೇನೇ?"

ತಾನೇ ಕಲಿಸಿದ ಪಾಠ.

ಅಷ್ಟರಲ್ಲಿ ಅವನು ಸುತ್ತಿಗೆ ಹಿಡಿದು ಬಂದಿದ್ದ. ಮೇಜು ಕುರ್ಚಿ ಮಾಡುವ ಮರಗೆಲಸದವನು. ಅವನ ಕೈಗೆ ಸಿಕ್ಕ ಗೂಟಗಳು ನೆಲಕ್ಕೆ ಇಳಿಯಲೇಬೇಕಾಯಿತು. ಹಗ್ಗ ಬಿಗಿದ. ಕರಡಿ ಬಾರದಂತೆ ತಿನ್ನುವ ಸಾಮಾನನ್ನೆಲ್ಲ ಅಲ್ಲೇ ಇದ್ದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದ. ಅವಳು ದೂರ ನಿಂತು ನೋಡಿದಳು.

ಕಿವಿಯ ಹತ್ತಿರ ಕೂದಲು ನರೆತಿದೆಯಲ್ಲ... ಯಾವಾಗ ನರೆಯಿತು? ನಾನು ನೋಡಲೇ ಇಲ್ಲ...

ಸಂಜೆ ಮೂವರೂ ಒಂದೇ ಬೆಂಕಿಯ ಸುತ್ತ ಕೂತರು. ಎರಡೆರಡು ಒಲೆಯ ಹೊಗೆ ತಮಗೆ ಆಗಿಬರುವುದಿಲ್ಲ ಎಂದು ಅತ್ತೆ ಹಠ ಹಿಡಿದಿದ್ದರು. ಬ್ರೆಡ್ಡು ಸುಡುತ್ತಾ ಅತ್ತೆಯೊಬ್ಬರೇ ಮಾತಾಡುತ್ತಿದ್ದರು.

"ಪ್ರತಿ ವರ್ಷ ಈ ವಾರ ಇಲ್ಲಿಗೆ ಬರ್ತೀನಿ," ಅವನು ಮೆಲ್ಲಗೆ ಹೇಳಿದ.

ಅವಳು ತಟ್ಟನೆ ಅವನತ್ತ ತಿರುಗಿದಳು.

"ಓಹೋ! ಆ ವರ್ಷ ಬಂದಿದ್ದೂ ಇಲ್ಲಿಗೇನಾ! ಮಗು ಹೋಗಿ ಒಂದು ವಾರ ಆಗಿರ್ಲಿಲ್ಲ. ನಾನು ಹಾಸಿಗೇಲಿ ಒಬ್ಬಳೇ ಗೋಡೆ ನೋಡ್ಕೊಂಡು ಮಲಗಿದ್ದೆ... ನೀವು ಇಲ್ಲಿ ಹಾಯಾಗಿ ಗಾಳಿ ಸೇವನೆ! ವಾಪಸ್ ಬಂದಾಗ ನಿಮ್ಮ ಮುಖ ಬಿಸಿಲಿಗೆ ಕಂದಿತ್ತು. ಅದನ್ನ ನೋಡೇ ನಾನು ಪೆಟ್ಟಿಗೆ ಕಟ್ಟಿದ್ದು."

"ಗಾಳಿ ಸೇವನೆನಾ?" ಅವನ ದನಿ ಒಡೆಯಿತು. "ಹೋಗಿ ಅಂದವಳು ನೀನೇ ಅಲ್ವಾ!"

"ನಾನಾ? ಯಾವಾಗ?"

"'ನಿಮ್ಮ ಮುಖ ನೋಡೋಕಾಗಲ್ಲ ನನಗೆ. ಹೋಗಿ, ಎಲ್ಲಾದ್ರೂ ಹೋಗಿ' ಅಂದೆ."

"ಸುಳ್ಳು! ನಾನು ಹಾಗೆ ಅಂದೇ ಇಲ್ಲ!"

"ಅಂದಿದ್ದೆ ಮಗಳೇ."

ಇಬ್ಬರೂ ತಿರುಗಿದರು. ಅತ್ತೆಯ ಕೈಯಲ್ಲಿದ್ದ ಬ್ರೆಡ್ಡು ಕರಕಲಾಗುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಆಸ್ಪತ್ರೆಯಿಂದ ಬಂದ ದಿನ. ಮಾತ್ರೆ ಮಂಪರಲ್ಲಿದ್ದೆ ನೀನು. ನಾನು ಹಾಲು ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ. ಎಲ್ಲಾ ಕೇಳಿಸ್ತು. ಎಚ್ಚರ ಆದ್ಮೇಲೆ ನಿನಗೆ ಅದೊಂದೂ ನೆನಪಿಲ್ಲ ಅಂತಾನೂ ಗೊತ್ತಾಯ್ತು."

"ಮತ್ತೆ... ಯಾಕತ್ತೆ ಹೇಳ್ಲಿಲ್ಲ?"

"ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ ಅಂದ್ಕೊಂಡೆ." ಅತ್ತೆ ತಲೆ ತಗ್ಗಿಸಿದರು. "ಅದೊಂದೇ ಅಲ್ಲ. ನನ್ನ ಮಗನ್ನ ಹಾಗೆ ಅಟ್ಟಿಬಿಟ್ಟಳಲ್ಲ ಅಂತ ಸಿಟ್ಟಿತ್ತು. 'ನನ್ನ ಬಿಟ್ಟು ಹೋದ್ರು' ಅಂತ ನೀನು ಅಳ್ತಾ ಹೊಸ್ತಿಲು ದಾಟುವಾಗ ಒಂದು ಮಾತು ಆಡಿದ್ರೆ ಸಾಕಿತ್ತು... ಆಡ್ಲಿಲ್ಲ. ಆಮೇಲೆ ಆಸ್ಪತ್ರೇಲಿ ನೀನು ನನ್ನ ಕಾಲು ಹಿಡ್ಕೊಂಡು ಕೂರ್ತಿದ್ದೆ ನೋಡು, ಆಗೆಲ್ಲಾ ಸಂಕಟ ಆಗೋದು. ಹೇಳೋಕೆ ಬಾಯಿ ಬರ್ತಿರ್ಲಿಲ್ಲ."

ಅವಳು ಎದ್ದು ಟೆಂಟಿನೊಳಗೆ ಹೋದಳು.

ಅತ್ತೆಯ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ತವರುಮನೆಯ ಒಳಕೋಣೆಯಲ್ಲಿ ಕೂತು, "ನಾನಿಲ್ಲ ಅಂತ ಹೇಳು" ಎಂದು ಅಣ್ಣನಿಗೆ ಪಿಸುಗುಟ್ಟಿದ್ದೇ ನೆನಪಾಗುತ್ತಿತ್ತು. ಗಂಡ ಎಷ್ಟು ಸಲ ಹುಡುಕಿಕೊಂಡು ಬಂದಿದ್ದ! ಪ್ರತಿ ಸಲವೂ ಗೇಟಿನ ಹತ್ತಿರ ನಿಂತು ಒಮ್ಮೆ ಕಿಟಕಿಯತ್ತ ನೋಡಿ ಹೋಗುತ್ತಿದ್ದ. ಪರದೆಯ ಹಿಂದೆ ನಿಂತು ಅವಳು ಅದನ್ನು ಕಂಡಿದ್ದಳು. ಕಂಡೂ ಬಾಗಿಲು ತೆಗೆದಿರಲಿಲ್ಲ.

ಅತ್ತೆಯದು ಒಂದು ಮೌನವಾದರೆ, ನನ್ನದು?

ಬೆಳಗ್ಗೆ ಸರೋವರದ ಮೇಲೆಲ್ಲ ಮಂಜು ಕವಿದಿತ್ತು. ಅವನು ದಡದ ಕಲ್ಲಿನ ಮೇಲೆ ಕೂತಿದ್ದ. ಅವಳು ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ಕೂತಳು. ಅವನು ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ನನಗೆ ನಿಜವಾಗ್ಲೂ ನೆನಪಿಲ್ಲ ರೀ," ಎಂದಳು. "ಆದ್ರೆ ಅಂದಿದ್ದೀನಿ. ನನ್ನ ಕ್ಷಮಿಸಿ."

"ತಪ್ಪು ನಂದೇ. ಹೋಗಿ ಅಂದ್ರೆ ಹೋಗಿಬಿಡೋದಾ? ಬಾಗಿಲ ಹೊರಗಾದ್ರೂ ಕೂತಿರಬಹುದಿತ್ತು. ನಿಜ ಹೇಳಬೇಕಂದ್ರೆ... ನೀನು ಹೋಗಿ ಅಂದಾಗ ನನಗೆ ಒಳಗೊಳಗೆ ಹಗುರ ಆಯ್ತು. ನಿನ್ನೆದುರು ಅಳೋಕೆ ಹೆದರಿಕೆ ಇತ್ತು. ಇಲ್ಲಿ ಬಂದು, ಇದೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ."

"ನಾನು ಅಲ್ಲಿ ಅಳ್ತಿದ್ದೆ."

"ಹೂಂ... ಜೊತೇಲಿ ಕೂತು ಅಳಬಹುದಿತ್ತು."

ನಾಲ್ಕು ವರ್ಷ! ಯಾರು ತಂದುಕೊಡುತ್ತಾರೆ ಅವನ್ನು? ಎದುರಿನ ದಡ ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ. ಅವಳು ಯಾರೊಡನೆಯೂ ಆಡದ ಒಂದು ಮಾತನ್ನು ಎದೆಯಿಂದ ಎಳೆದು ತೆಗೆದಳು.

"ನಾನು ನಮ್ಮ ಮಗಳನ್ನ ನೋಡ್ಲೇ ಇಲ್ಲ. ಹೆರಿಗೆ ಆಗಿ ನನಗೆ ಎಚ್ಚರ ಆಗೋಷ್ಟರಲ್ಲಿ ಕರ್ಕೊಂಡು ಹೋಗಿಬಿಟ್ಟಿದ್ರು... ನೀವು ನೋಡಿದ್ರಾ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಎತ್ತಿಕೊಂಡಿದ್ದೆ."

"ಎತ್ತಿಕೊಂಡಿದ್ರಾ!" ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಕೈ... ಈ ಕೈಗೆ ನನ್ನ ಮಗಳ ಭಾರ ಗೊತ್ತು. ಇಷ್ಟು ವರ್ಷ ಇದನ್ನು ಒಬ್ಬನೇ ಹೊತ್ತುಕೊಂಡಿದ್ದನಲ್ಲ!

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ಕೇಳಿದ್ರೆ ನಿನಗೆ ಇನ್ನೂ ನೋವಾಗುತ್ತೇನೋ ಅಂತ ನಾನೂ ಬಾಯಿ ಬಿಡ್ಲಿಲ್ಲ."

"ಈಗ ಕೇಳ್ತಿದ್ದೀನಿ. ನೋವಾದ್ರೆ ಇಬ್ರಿಗೂ ಆಗ್ಲಿ. ಹೇಳಿ... ಹೇಗಿದ್ದಳು?"

ಅವನ ಕಣ್ಣಿಂದ ನೀರು ಇಳಿಯಿತು. ಅವಳ ಎದುರು, ಮೊದಲ ಸಲ. ಅವನು ಒರೆಸಿಕೊಳ್ಳಲಿಲ್ಲ.

"ತಲೆ ತುಂಬಾ ಕೂದಲು. ಕಪ್ಪಗೆ... ಹಣೆ ನಿನ್ನದೇ. ಬೆರಳು ಉದ್ದ ಉದ್ದ. ಮೂಗು ಮಾತ್ರ ನಂದು. ಪಾಪ."

ಅವಳು ಅಳುತ್ತಲೇ ನಕ್ಕಳು. ಅವನ ಭುಜಕ್ಕೆ ತಲೆಯಿಟ್ಟಳು.

"ಪಾಪ ಯಾಕೆ? ಆ ಮೂಗು ನೋಡೇ ಅಲ್ವೇನ್ರೀ ನಾನು ನಿಮ್ಮನ್ನ ಒಪ್ಪಿದ್ದು..."

"ಹೌದಾ? ಯಾವತ್ತೂ ಹೇಳಿರ್ಲಿಲ್ಲ?"

"ಮನೆಗೆ ಹೋಗೋಣ ಬನ್ನಿ. ಹೇಳದೆ ಉಳಿದದ್ದು ಇನ್ನೂ ಬೇಕಾದಷ್ಟಿದೆ."