ತಿಳಿಮಡುವಿನ ಎರಡು ದಡ

ಬಹಳ ಹಿಂದೆ, ಹೊಂಗಿರಿ ಎಂಬ ರಾಜ್ಯದಲ್ಲಿ ಹಂಸಿನಿ ಎಂಬ ಹೊಳೆ ಹರಿಯುತ್ತಿತ್ತು. ಹೊಳೆ ತಿರುಗುವ ಕಡೆ ಒಂದು ಮಡು. ತಳದ ಮರಳು ಕಾಣುವಷ್ಟು ತಿಳಿ ನೀರು, ಅದಕ್ಕೇ ಅದು ತಿಳಿಮಡು. ಬೇಸಿಗೆ ಬಂತೆಂದರೆ ಜನವೆಲ್ಲ ಅಲ್ಲಿಗೆ ಈಜಲು ಬರುತ್ತಿದ್ದರು. ಈಜಿ, ಉಂಡು, ಎಂಜಲೆಲೆ, ಒಡೆದ ಮಡಕೆಗಳನ್ನು ನೀರಿಗೇ ಎಸೆದು ಹೋಗುತ್ತಿದ್ದರು.

ಒಂದು ಬೇಸಿಗೆ ಪಾಚಿಗಡ್ಡ ಎಂಬ ಮಾಂತ್ರಿಕ ಮಡುವಿನ ತಳದಲ್ಲಿ ಬಂದು ನೆಲೆಸಿದ. ಎಚ್ಚರವಿಲ್ಲದೆ ನೀರಿಗಿಳಿದವರನ್ನು ಮೀನು ಮಾಡುವುದು ಅವನ ವಿದ್ಯೆ. ನೀಲವ್ವ ಎಂಬ ಹುಡುಗಿಯ ಅಣ್ಣ ಭರಮ ಬಂಡೆಯ ಮೇಲಿಂದ ನಗುತ್ತ ಧುಮುಕಿದ. ಮೇಲೆ ಬಂದದ್ದು ಕೆಂಪು ರೆಕ್ಕೆಯ ಮೀನು. ಅರಸನ ಭಟರು ಮಾಂತ್ರಿಕನನ್ನು ಹಿಡಿಯಲು ಬಂದು ಕವಚ ಸಮೇತ ಹಾರಿದರು. ಅವರೂ ಮೀನಾದರು. ಆಮೇಲೆ ಆ ಕಡೆ ಯಾರೂ ಸುಳಿಯಲಿಲ್ಲ.

ನೀಲವ್ವನಿಗೆ ಅಣ್ಣನ ಹೊರತು ದಿಕ್ಕಿರಲಿಲ್ಲ. ಮಡುವಿನ ದಡದಲ್ಲೇ ಗುಡಿಸಲು ಹಾಕಿಕೊಂಡಳು. “ಅಣ್ಣಾ, ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತು,” ಎಂದು ನೀರಿಗೆ ಬಾಗಿ ಹೇಳುವಳು. ಕೆಂಪು ರೆಕ್ಕೆಯ ಮೀನು ಬಾಯಿ ತೆರೆದು ಮುಚ್ಚುವುದು. ಅಷ್ಟೇ ಮಾತು. ಎದುರು ದಡದ ಮರಗಳ ನಡುವೆ ದಿನಾ ಬೆಳಗ್ಗೆ ಸಣ್ಣ ಹೊಗೆ ಏಳುತ್ತಿತ್ತು. ಅಲ್ಲಿ ಯಾರೋ ಇದ್ದಾರೆ ಎಂದು ಅವಳಿಗೆ ಗೊತ್ತು. ಆದರೆ ಕರೆದು ಏನೆಂದು ಹೇಳುವುದು?

ಒಂದು ದಿನ ಮಿಂಚುಳ್ಳಿಯೊಂದು ಬಂಡೆಯ ಮೇಲೆ ಕುಳಿತು ಮಾತಾಡಿತು. “ಹುಡುಗಿ, ಎಚ್ಚರದಿಂದ ಇಳಿದವರ ಮೇಲೆ ಮಾಂತ್ರಿಕನ ವಿದ್ಯೆ ನಡೆಯುವುದಿಲ್ಲ. ಎಚ್ಚರದಿಂದ ತಳ ಮುಟ್ಟಿ ಅವನ ಮನೆ ಕಿತ್ತವರಿಗೆ ಮೀನುಗಳೆಲ್ಲ ಮನುಷ್ಯರಾಗಿ ಸಿಗುತ್ತಾರೆ.”

ನೀಲವ್ವ ಬಂಡೆ ಹತ್ತಿದಳು. ಕೆಳಗಿನಿಂದ ಭರಮನ ದನಿಯಲ್ಲೇ ಮಾಂತ್ರಿಕ ಕೂಗಿದ: “ನೀಲೂ, ಇಲ್ಲಿ ಆಳ ಇದೆ, ಹಾರು!” ಕೇಳಿ ಎಷ್ಟು ಕಾಲವಾಗಿತ್ತು ಆ ದನಿ! ಅವಳ ಕಾಲು ತಾನಾಗಿ ಮುಂದೆ ಹೋಯಿತು. ಆದರೂ ತಡೆದಳು. ಕೆಳಗಿಳಿದು ಬಿದಿರು ಗಳುವಿನಿಂದ ನೀರನ್ನು ಅಳೆದಳು. ಗಳು ಠಕ್ಕೆಂದಿತು. ಮೊಣಕಾಲುದ್ದದ ನೀರಿನಡಿ, ಬಂಡೆಯ ನೆರಳಲ್ಲಿ, ಈಟಿಯಂಥ ಕಲ್ಲುಗಳು ನಿಂತಿದ್ದವು. ಅವಳು ಹಾರಲಿಲ್ಲ.

ಇನ್ನೊಂದು ದಿನ ದಡದಿಂದ ಮೆಲ್ಲಗೆ ಇಳಿದಳು. ಕೆಂಪು ರೆಕ್ಕೆಯ ಮೀನು ಬಂದು ಅವಳ ಅಂಗೈಯಲ್ಲಿ ನಿಂತಿತು. “ನಡುಮಡುವಿಗೆ ಬಾ, ಅಣ್ಣನನ್ನು ಅಲ್ಲಿ ಕೊಡುತ್ತೇನೆ,” ಎಂದ ಮಾಂತ್ರಿಕ. ತಲೆಯ ಮೇಲೆ ಬಿಸಿಲು. ಆದರೆ ಹಸಿ ಎಲೆಗಳು ತೇಲಿ ಬರುತ್ತಿದ್ದವು, ನೀರಿನ ಅಂಚು ಕೆಂಪಗಾಗುತ್ತಿತ್ತು. ದೂರದ ಬೆಟ್ಟದಲ್ಲಿ ಮಳೆಯಾಗಿದೆ ಎಂದು ತಿಳಿಯಿತು. “ಬೇರಿನ ಸಂದಿಗೆ ಸೇರಿಕೋ ಅಣ್ಣಾ,” ಎಂದು ಮೀನನ್ನು ಬಿಟ್ಟು, ಅಳುತ್ತ ದಡ ಹತ್ತಿದಳು. ಅವಳು ನಿಂತಿದ್ದ ಜಾಗದ ಮೇಲೆ ಕೆಂಪು ಪ್ರವಾಹ ಗೋಡೆಯಂತೆ ನುಗ್ಗಿ ಹೋಯಿತು.

ನೀರು ಮತ್ತೆ ತಿಳಿಯಾದಾಗ ಅಣ್ಣ ಬೇರಿನ ಬಳಿಯೇ ಇದ್ದ. ಮಾಂತ್ರಿಕ ಈ ಸಲ ತನ್ನದೇ ದನಿಯಲ್ಲಿ ನಕ್ಕ. “ತಳಕ್ಕೆ ಬಾ ನೀಲವ್ವ. ಒಬ್ಬಳೇ ಬಾ. ನಿನಗೆ ಬೇರೆ ಯಾರಿದ್ದಾರೆ?”

ಆ ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಆದರೆ ಒಬ್ಬಳೇ ಮುಳುಗುವುದೂ ಎಚ್ಚರಗೇಡಿತನವೇ ಎಂದು ಹೊಳೆಯಿತು. ಅವಳು ಊರಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟಿದಳು. “ದಡದಲ್ಲಿ ನಿಂತು ಹಗ್ಗ ಹಿಡಿದರೆ ಸಾಕು,” ಎಂದು ಬೇಡಿದಳು. “ಆ ಮಡುವಿನ ಹೆಸರೆತ್ತಬೇಡ ತಾಯಿ,” ಎಂದು ಎಲ್ಲರೂ ಅಗಣಿ ಹಾಕಿಕೊಂಡರು. ಬರಿಗೈಯಲ್ಲಿ ಬಂದು ದಡದಲ್ಲಿ ಕುಳಿತಾಗ ಎದುರು ದಡದ ಹೊಗೆ ಕಂಡಿತು. ನೀಲವ್ವ ಎದ್ದು ನಿಂತಳು. ಎಷ್ಟೋ ದಿನದಿಂದ ಕೂಗದ ಗಂಟಲು.

“ಅಲ್ಲಿ ಯಾರಿದ್ದೀರಿ?”

ಮರಗಳ ಮರೆಯಿಂದ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. “ನಾನು ದ್ಯಾಮಕ್ಕ. ನನ್ನ ಗಂಡ ಸಿದ್ದಣ್ಣ ಈ ಮಡುವಿನಲ್ಲಿ ಮೀನಾಗಿದ್ದ. ಕೆಂಪು ನೀರು ಬಂದ ದಿನದಿಂದ ಕಾಣುತ್ತಿಲ್ಲ. ನಿನ್ನ ದೀಪ ದಿನಾ ನೋಡುತ್ತಿದ್ದೆ ಮಗಳೇ. ಕರೆಯೋಣವೆಂದರೆ ಬಾಯೇ ಬರಲಿಲ್ಲ.”

ನೀಲವ್ವ ಹಗ್ಗದ ಮಾತನ್ನು ಕೂಗಿ ಹೇಳಿದಳು. ಕೆಳಗಡೆ ಹೊಳೆಯ ಆಳ ಕಡಿಮೆಯಿದ್ದಲ್ಲಿ ದಾಟಿ ದ್ಯಾಮಕ್ಕ ಬಂದಳು. ನೀಲವ್ವನ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಮತ್ತಿಮರಕ್ಕೆ ಸುತ್ತಿ ಹಿಡಿದಳು. “ಉಸಿರು ಸಾಲದಿದ್ದರೆ ಜಗ್ಗು. ಹಟ ಮಾಡಬೇಡ.”

ನೀಲವ್ವ ತಳ ಮುಟ್ಟಿದಳು. ಅಲ್ಲಿ ಒಡೆದ ಮಡಕೆ, ಹರಕು ಬಟ್ಟೆ, ಕೊಳೆತ ಎಲೆಗಳ ಮನೆ. ಬಾಗಿಲಲ್ಲಿ ಪಾಚಿಗಡ್ಡ. “ಇದನ್ನು ನಾನು ಕಟ್ಟಿದ್ದಲ್ಲ,” ಎಂದ. “ನಿಮ್ಮ ಜನವೇ ಎಸೆದೆಸೆದು ಕಟ್ಟಿಕೊಟ್ಟದ್ದು.” ಅವಳು ಒಂದು ಮಡಕೆ ಕಿತ್ತುಕೊಂಡು ಹಗ್ಗ ಜಗ್ಗಿದಳು. ದ್ಯಾಮಕ್ಕ ಎಳೆದಳು. ನೀಲವ್ವ ಮತ್ತೆ ಇಳಿದಳು, ದ್ಯಾಮಕ್ಕ ಮತ್ತೆ ಎಳೆದಳು. ದಣಿದಾಗ ಇಬ್ಬರೂ ದಡದಲ್ಲಿ ಕುಳಿತು ಗಂಜಿ ಕುಡಿದು ಸುಧಾರಿಸಿಕೊಂಡರು. ಮನೆಯ ಒಂದೊಂದು ಚೂರು ಮೇಲೆ ಬಂದಂತೆ ಮಾಂತ್ರಿಕ ಕುಗ್ಗಿದ, ಆಳಿನಷ್ಟಿದ್ದವನು ಕಪ್ಪೆಯಷ್ಟಾದ. ಕೊನೆಯ ಚಿಂದಿ ಎದ್ದಾಗ ಒಂದು ಕಪ್ಪು ಗುಳ್ಳೆಯಾಗಿ ಮೇಲೆ ಬಂದು ಒಡೆದುಹೋದ.

ಮಡುವಿನ ತುಂಬ ಮನುಷ್ಯರ ತಲೆಗಳು ಎದ್ದವು. ಭರಮ ಕೆಮ್ಮುತ್ತ ದಡ ಹತ್ತಿ ತಂಗಿಯನ್ನು ತಬ್ಬಿದ. ಭಟರು ಕವಚ ಕಳಚಿ ನಾಚಿ ನಿಂತರು. ದ್ಯಾಮಕ್ಕ ಒಂದೊಂದು ಮುಖವನ್ನೂ ನೋಡಿದಳು. ಸಿದ್ದಣ್ಣ ಇರಲಿಲ್ಲ.

ಅರಸ ಉತ್ಸವ ಮಾಡಿಸಿದ. ಜನ ಮತ್ತೆ ಬಂದರು. ಈಗ ನೀರನ್ನು ಅಳೆದು ಇಳಿಯುತ್ತಿದ್ದರು, ತಂದದ್ದನ್ನು ಮರಳಿ ಒಯ್ಯುತ್ತಿದ್ದರು. ದ್ಯಾಮಕ್ಕ ಮಾತ್ರ ಯಾರೊಡನೆಯೂ ಮಾತಾಡದೆ ಹೊಳೆ ಹರಿದುಹೋಗುವ ಕಡೆಗೆ ನೋಡುತ್ತ ಕೂರುತ್ತಿದ್ದಳು. ನೀಲವ್ವ ಮನೆಗೆ ಹೋಗದೆ ಪಕ್ಕದಲ್ಲಿ ಕುಳಿತಿರುತ್ತಿದ್ದಳು.

ಮಳೆಗಾಲ ಹತ್ತಿರವಾದ ಒಂದು ಸಂಜೆ, ದಡ ಹಿಡಿದು ಒಬ್ಬ ಬಡಕಲು ಮನುಷ್ಯ ನಡೆದು ಬಂದ. ಬಿಸಿಲಿಗೆ ಸುಟ್ಟ ಮುಖ, ಒಡೆದ ಪಾದ.

“ಪ್ರವಾಹ ಬಹಳ ದೂರ ಒಯ್ದಿತ್ತು,” ಎಂದ. “ದಾರಿ ಗೊತ್ತಿರಲಿಲ್ಲ. ಹೊಳೆಯ ಗುಂಟ ಬಂದೆ.”

ದ್ಯಾಮಕ್ಕ ಎದ್ದಳು. ಕೇಳಬೇಕಾದ್ದು ಸಾವಿರವಿತ್ತು.

“ಉಂಡೆಯಾ?” ಎಂದಳು.

ಅಂದು ಆ ದಡದಲ್ಲಿ ಎಲ್ಲರೂ ಒಟ್ಟಿಗೆ ಉಂಡರು. ಅವರ ಅನ್ನ ಅವರಿಗೆ ಸಿಹಿಯಾಯಿತು. ಕತೆ ಕೇಳಿದ ನಿಮ್ಮ ಮನೆಯ ಅನ್ನವೂ ಹಾಗೇ ಸಿಹಿಯಾಗಲಿ.