ಎಡಗಂಬದ ಪಕ್ಕದ ಹುಲ್ಲು

“ಅಲ್ಲ, ಆ ಹುಲ್ಲು ನೋಡ್ಕೊಳ್ಳೋ ಪುಣ್ಯಾತ್ಮ ಯಾರು ಅಂತ! ಅಲ್ಲಿ ಹುಲ್ಲು ಬೆಳೀತಾನೋ, ಆಲೂಗಡ್ಡೆ ಬೆಳೀತಾನೋ?”

ಟಿವಿ ವರದಿಗಾರ್ತಿ ಹಿಡಿದ ಮೈಕಿನ ಮುಂದೆ ನೀಲಿ ತಂಡದ ಅಭಿಮಾನಿಯಾದ ಅವಳು ಇಷ್ಟು ಹೇಳಿದ್ದೇ ತಡ, ಸುತ್ತ ನಿಂತಿದ್ದ ನೀಲಿ ಅಂಗಿಯವರೆಲ್ಲ ಘೊಳ್ಳೆಂದು ನಕ್ಕರು. ಐದು ನಿಮಿಷದ ಹಿಂದೆ ಬಿಕ್ಕಿ ಬಿಕ್ಕಿ ಅತ್ತವರೂ ನಕ್ಕರು.

ಅಳುವಂಥದ್ದೇ ಆಗಿತ್ತು. ಹದಿನೇಳು ವರ್ಷಗಳ ಮೇಲೆ ನೀಲಿ ತಂಡ ಫುಟ್‌ಬಾಲ್ ಫೈನಲ್ ತಲುಪಿತ್ತು, ಅದೂ ಸ್ವಂತ ಮೈದಾನದಲ್ಲಿ! ಎಂಬತ್ತೆಂಟನೇ ನಿಮಿಷದವರೆಗೂ ಒಂದು-ಒಂದು. ಆಗ ಕೆಂಪು ತಂಡದವನೊಬ್ಬ ಒದ್ದ ಚೆಂಡು ಕೂಸೂ ಹಿಡಿಯುವಷ್ಟು ಮೆಲ್ಲಗೆ ಉರುಳುತ್ತಾ ಬಂತು. ಗೋಲ್‌ಕೀಪರ್ ಮಂಡಿಯೂರಿ ಕೈಚಾಚಿದ. ಗೋಲಿನ ಎಡಗಂಬದ ಪಕ್ಕದಲ್ಲಿ ಚೆಂಡು ಯಾವುದೋ ಉಬ್ಬಿಗೆ ತಾಗಿ ಚಂಗನೆ ನೆಗೆದು, ಅವನ ಭುಜದ ಮೇಲಿಂದ ಹಾರಿ ಬಲೆ ಸೇರಿತು.

ಅಷ್ಟೇ. ಕಪ್ ಕೆಂಪು ತಂಡದ ಪಾಲಾಯಿತು.

“ಹುಲ್ಲೇ ಬೆಳೀತೀನಿ.”

ಹಿಂದಿನಿಂದ ಬಂದ ದನಿಗೆ ಅವಳು ತಿರುಗಿದಳು. ಎತ್ತರದ ಯುವಕ. ಮಂಡಿಯವರೆಗೂ ಮಣ್ಣು, ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಮರಳು ತುಂಬಿದ ಬಕೆಟ್ಟು.

“ಏ… ಏನಂದ್ರಿ?”

“ಆಲೂಗಡ್ಡೆ ಅಲ್ಲ ಮೇಡಂ, ಹುಲ್ಲೇ ಬೆಳೀತೀನಿ. ಆಡಿ ಆಡಿ ಅಲ್ಲೆಲ್ಲ ಗುಂಡಿ ಬಿದ್ದಿವೆ, ಮುಚ್ಚಬೇಕು. ಸ್ವಲ್ಪ ದಾರಿ ಬಿಡ್ತೀರಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಇನ್ನೆರಡು ಮಾತು ಜಾಸ್ತಿಯೇ ಆಡಿರುತ್ತಿದ್ದಳು. ಆದರೆ ಅವನ ಕಣ್ಣುಗಳು ಕೆಂಪಾಗಿದ್ದವು.

‘ಅಯ್ಯೋ… ಇವನೂ ಅತ್ತಿದ್ದಾನೆ!’

ಅವಳು ಸರಿದು ನಿಂತಳು. ಅವನು ತಲೆ ತಗ್ಗಿಸಿ ಹೋದ. ಕ್ಯಾಮೆರಾ ಅದನ್ನೂ ಬಿಡದೆ ಸೆರೆಹಿಡಿಯಿತು.

* * *

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಧ್ವನಿವರ್ಧಕದಲ್ಲಿ ಸಾರುವುದು ಅವಳ ಕೆಲಸ. ಮುಖ ನೋಡದವರಿಗೂ ಅವಳ ದನಿ ಗೊತ್ತು. ಊರಿನವರು ಅವಳಿಗೆ ಇಟ್ಟ ಹೆಸರು ‘ಮೈಕು’. ಹಾಗಾಗಿ ಆ ವಿಡಿಯೋ ಒಂದೇ ದಿನದಲ್ಲಿ ಎಲ್ಲರ ಫೋನಿಗೂ ಹಬ್ಬಿತು.

ಮರುದಿನ ಬೆಳಿಗ್ಗೆ ಅಪ್ಪನಿಗೆ ತಿಂಡಿ ಕೊಡಲು ಸಲೂನಿಗೆ ಹೋದರೆ, ಅಲ್ಲಿ ಸೋಲಿನ ಪೋಸ್ಟ್‌ಮಾರ್ಟಂ ಭರದಿಂದ ನಡೆದಿತ್ತು. ಅಪ್ಪನ ಕೈಯಲ್ಲಿ ಕತ್ತರಿ, ಕುರ್ಚಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು.

“ಒಬ್ಬ ಒಳ್ಳೆ ಫಾರ್ವರ್ಡ್ ಸಿಕ್ಕಿದ್ರೆ ಮುಂದಿನ ಸೀಸನ್ ಕಪ್ ನಮ್ದೇ! ಬರೆದಿಟ್ಕೊಳ್ಳಿ,” ಎಂದರು ಅಪ್ಪ.

“ಹದಿನೇಳು ವರ್ಷದಿಂದ ಬರೆದಿಟ್ಕೊಂಡು ಪುಸ್ತಕ ತುಂಬೋಯ್ತು ಕಣಯ್ಯಾ. ಮೊದಲು ಆ ಕತ್ತರಿ ನನ್ನ ಕಿವಿಯಿಂದ ದೂರ ಇಡು!”

“ಫಾರ್ವರ್ಡ್ ಬೇಡ, ಮೊದಲು ಆ ಆಲೂಗಡ್ಡೆಯನ್ನ ಓಡಿಸ್ಬೇಕು,” ಎಂದ ಬೆಂಚಿನ ಮೇಲಿದ್ದವನೊಬ್ಬ. “ಮೈದಾನದ ಸಮಿತಿಯವರು ಹುಲ್ಲೇ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸ್ತಾರಂತೆ. ಮೈಕು, ನಿನ್ನ ಮಾತು ಭಾರೀ ಕೆಲಸ ಮಾಡ್ತು ನೋಡು!”

ಎಲ್ಲರೂ ನಕ್ಕರು. ಅವಳ ತುಟಿಯೂ ನಗಲು ಹೊರಟು, ಯಾಕೋ ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗೋಲ್‌ಕೀಪರ್ ಒಳಗೆ ಬಂದ. ಅಭಿಮಾನಿಗಳು ಅವನನ್ನು ‘ಗೋಡೆ’ ಎನ್ನುತ್ತಿದ್ದರು.

“ಪೂರ್ತಿ ಬೋಳಿಸ್ಬಿಡಿ ಅಣ್ಣಾ. ಯಾರಿಗೂ ಗುರುತು ಸಿಗಬಾರದು.”

“ಏಯ್, ಬಿಡಪ್ಪಾ!” ಅಪ್ಪ ಅವನ ಭುಜ ತಟ್ಟಿದರು. “ನಿಂದೇನು ತಪ್ಪು? ಹುಲ್ಲಿನ ತಪ್ಪು.”

ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ ಅವನು ಹೇಳಿದ. “ಹುಲ್ಲಿಂದಲ್ಲ ಅಣ್ಣಾ, ನಂದೇ. ಫೈನಲ್‌ಗೆ ಎರಡು ವಾರ ಇರುವಾಗ ಸಮಿತಿಯವರು ಅಲ್ಲಿ ಸಂಗೀತ ಕಾರ್ಯಕ್ರಮ ಇಟ್ರಲ್ಲ? ವೇದಿಕೆಯ ಕಂಬ ನೆಟ್ಟಿದ್ದು ಸರಿಯಾಗಿ ಆ ಜಾಗದಲ್ಲೇ. ಬೇಡ ಬೇಡ ಅಂತ ಆ ಹುಲ್ಲಿನ ಹುಡುಗ ಬರೆದೂ ಕೊಟ್ಟಿದ್ದ. ಪಂದ್ಯದ ದಿನ ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು ಹೋಗಿ ತೋರ್ಸಿದ. ‘ಇಲ್ಲಿ ನೆಲ ಇನ್ನೂ ಕೂತಿಲ್ಲ, ಇಲ್ಲಿ ಚೆಂಡಿಗೆ ಕಾಯಬೇಡ, ಮುಂದೆ ಬಂದು ತಗೋ’ ಅಂದ. ನಾನು… ಗಾಬರೀಲಿ ಮರೆತೆ. ಕಾಯ್ತಾ ಕೂತೆ.”

ಅಪ್ಪ ಕತ್ತರಿ ಕೆಳಗಿಟ್ಟರು.

“ಇದನ್ನ ಯಾರಿಗೂ ಹೇಳಬೇಡ, ನಿನ್ನ ಆಟ ಹಾಳಾಗುತ್ತೆ ಅಂದ ಅಣ್ಣಾ ಅವನು. ಬೈಗುಳ ಎಲ್ಲ ತಾನೇ ತಿಂದ.”

ಅವಳು ತಿಂಡಿ ಡಬ್ಬಿ ಅಲ್ಲೇ ಇಟ್ಟು ಹೊರಬಂದಳು. ‘ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ! ಅದೂ ನಾಲ್ಕು ಜನ ನಗಲಿ ಅಂತ…’

* * *

ಸಂಜೆ ಕೆಲಸ ಮುಗಿಸಿ ನೇರ ಮೈದಾನಕ್ಕೆ ನಡೆದಳು. ಖಾಲಿ ಗ್ಯಾಲರಿ. ದೂರದಲ್ಲಿ ಎಡಗಂಬದ ಹತ್ತಿರ ಅವನು ಕುಕ್ಕರಗಾಲಲ್ಲಿ ಕೂತು ಮಣ್ಣಿನಲ್ಲಿ ಏನೋ ಉದುರಿಸುತ್ತಿದ್ದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತುಗಳನ್ನು ಹಿಡಿದುಕೊಂಡು ಹತ್ತಿರ ಹೋದಳು.

“ನೋಡಿ… ನಾನು ನಿನ್ನೆ…”

ಅವನು ತಲೆಯೆತ್ತಿದ. ಮೊದಲು ಅವಳ ಕೈ ನೋಡಿದ, ಆಮೇಲೆ ಹಿಂದುಮುಂದು.

“ಇವತ್ತು ಕ್ಯಾಮೆರಾ ತಂದಿಲ್ವಾ?”

ಮುಖಕ್ಕೆ ಹೊಡೆದಂತಾಯಿತು. “ಕ್ಷಮೆ ಕೇಳೋಕೆ ಬಂದೆ. ನಿಮ್ಮ ವಿಷಯ ನಂಗೆ ಗೊತ್ತಿರಲಿಲ್ಲ. ನಾನು ಆಡಿದ್ದು ದೊಡ್ಡ ತಪ್ಪು.”

“ಸರಿ. ಆದ್ರೆ…”

“ಆದ್ರೆ ಏನು? ಬೈಯಿರಿ, ಪರವಾಗಿಲ್ಲ! ಬೈಸ್ಕೊಳ್ಳೋಕೇ ಬಂದಿದೀನಿ.”

“ಬೈಯೋದಲ್ಲ ಮೇಡಂ. ಈಗಷ್ಟೇ ಬೀಜ ಹಾಕಿದೀನಿ. ನೀವು ಅದರ ಮೇಲೇ ನಿಂತಿದೀರ.”

“ಅಯ್ಯಯ್ಯೋ!”

ಹಾರಿ ಹಿಂದೆ ಸರಿಯಲು ಹೋಗಿ ನೀರಿನ ಪೈಪು ಎಡವಿ, ಒದ್ದೆ ಮಣ್ಣಿನಲ್ಲಿ ದೊಪ್ಪೆಂದು ಕೂತಳು. ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನು ತುಟಿ ಕಚ್ಚಿ ತಡೆದ, ತಡೆದ… ಕೊನೆಗೆ ತಡೆಯಲಾಗದೆ ನಕ್ಕೇಬಿಟ್ಟ.

ಆ ನಗುವನ್ನು ನೋಡಿದ ಅವಳಿಗೆ, ಬಿದ್ದದ್ದಕ್ಕೆ ಒಂಚೂರೂ ಬೇಸರವಾಗಲಿಲ್ಲ.

* * *

ಮರುದಿನದಿಂದ ಡ್ಯೂಟಿಗೆ ಮುಂಚೆ ದಿನಾ ಒಂದು ಗಂಟೆ ಮೈದಾನಕ್ಕೆ ಬರತೊಡಗಿದಳು. ಅವನು ಬೇಡವೆಂದ, ಅವಳು ಕೇಳಲಿಲ್ಲ. ಕಳೆ ಕೀಳುವುದು, ಬೀಜ ಹೆಕ್ಕಲು ಬರುವ ಹಕ್ಕಿಗಳನ್ನು ಓಡಿಸುವುದು ಕಲಿತಳು. ಅವಳ ಒಂದು ಕೂಗಿಗೆ ಇಡೀ ಗ್ಯಾಲರಿಯ ಪಾರಿವಾಳಗಳು ಎದ್ದು ಹಾರುತ್ತಿದ್ದವು.

“ಈ ದನಿ ಮೊದಲೇ ಸಿಕ್ಕಿದ್ರೆ ಎಷ್ಟು ಬೀಜ ಉಳೀತಿತ್ತು!” ಎನ್ನುತ್ತಿದ್ದ ಅವನು.

ಅವನ ಅಪ್ಪ ಮೂವತ್ತು ವರ್ಷ ಇದೇ ಮೈದಾನದ ಹುಲ್ಲು ಕತ್ತರಿಸಿದವರು. “ನಾನು ನಡೆಯೋಕೆ ಕಲಿತಿದ್ದೇ ಈ ಹುಲ್ಲಿನ ಮೇಲೆ,” ಎಂದು ಒಂದು ದಿನ ಹೇಳಿದ. “ಅಪ್ಪ ಹೋದ್ಮೇಲೆ ಇಲ್ಲಿ ಕೆಲಸ ಮಾಡ್ತಿದ್ರೆ ಅವರು ಅಲ್ಲೇ ಎಲ್ಲೋ ನಿಂತು ‘ಲೋ, ಅಂಚು ಸರಿಯಾಗಿ ಕತ್ತರಿಸೋ’ ಅಂದಂಗಾಗುತ್ತೆ. ಪ್ಲಾಸ್ಟಿಕ್ ಹಾಸಿದ್ರೆ…” ಬಗ್ಗಿ ಇನ್ನೊಂದು ಕಳೆ ಕಿತ್ತ.

ಅವಳು ವರದಿಗಾರ್ತಿಗೆ ಫೋನು ಮಾಡಿದಳು. “ನಂದೇ ತಪ್ಪು ಅಂತ ಹೇಳ್ತೀನಿ, ತೋರಿಸಿ.” ಆ ಕಡೆಯಿಂದ ಮೆತ್ತಗೆ ಉತ್ತರ ಬಂತು. “ಬೈದದ್ದು ಸುದ್ದಿಯಾಗುತ್ತಮ್ಮಾ, ಕ್ಷಮೆ ಕೇಳಿದ್ದು ಆಗಲ್ಲ.”

ಭಾನುವಾರ ಬೆಳಿಗ್ಗೆ ಅಭಿಮಾನಿಗಳ ಸಭೆ. ಮುಂದಿನ ಸೀಸನ್‌ಗೆ ಏನು ತಯಾರಿ ಎಂಬ ಚರ್ಚೆ. ಹೊಸ ಕೋಚ್ ಬರಬೇಕು, ಹಳೇ ನಾಯಕ ಇರಬೇಕು, ಜೆರ್ಸಿಯ ನೀಲಿ ಇನ್ನಷ್ಟು ಗಾಢವಾಗಬೇಕು… ಗದ್ದಲವೋ ಗದ್ದಲ! ಸಮಿತಿಯ ಅಧ್ಯಕ್ಷರು ಮೇಜು ಕುಟ್ಟಿ ಕುಟ್ಟಿ ಸುಸ್ತಾದರು.

ಅವಳು ಎದ್ದು ನಿಂತಳು.

“ಎಲ್ಲರೂ ದಯವಿಟ್ಟು ಗಮನಿಸಿ!”

ಬಸ್ ತಪ್ಪಿಹೋಗುತ್ತದೇನೋ ಎಂಬಂತೆ ಇಡೀ ಸಭೆ ಥಟ್ಟನೆ ಸುಮ್ಮನಾಯಿತು.

“ಆವತ್ತು ಟಿವಿ ಮುಂದೆ ಬಾಯಿಗೆ ಬಂದಂಗೆ ಮಾತಾಡಿದ್ದು ನಾನು. ನೀವೆಲ್ಲ ನಕ್ರಿ, ನಂಗೂ ಹೆಮ್ಮೆ ಅನ್ನಿಸ್ತು. ಆದ್ರೆ ಆ ಜಾಗ ಹಾಳಾಗಿದ್ದು ವೇದಿಕೆಯಿಂದ. ಬೇಡ ಅಂತ ಅವರು ಬರೆದುಕೊಟ್ಟ ಕಾಗದ ಆಫೀಸಲ್ಲೇ ಇದೆ, ತೆಗೆದು ಓದಿ. ಫೈನಲ್ ಸೋತ ದಿನ ನಾವೆಲ್ಲ ಮನೆಗೆ ಹೋಗಿ ಮಲಗಿದ್ವಿ. ಅವರು ಕತ್ತಲಾಗೋವರೆಗೂ ಗುಂಡಿ ಮುಚ್ತಾ ಇದ್ರು. ಅಂಥವರನ್ನ ಕಳಿಸಿ ಯಾವ ಸೀಸನ್ ಗೆಲ್ತೀವಿ?”

ಗೋಡೆಯೂ ಎದ್ದ. ಸಲೂನಿನಲ್ಲಿ ಹೇಳಿದ್ದನ್ನೆಲ್ಲ ಎಲ್ಲರೆದುರು ಹೇಳಿದ. ಪೋಸ್ಟ್‌ಮಾಸ್ಟರು “ಕಾಗದ ತೆಗೀರಿ ಅಧ್ಯಕ್ಷರೇ!” ಎಂದು ಕೂಗಿದರು. ನೂರು ಜನ ದನಿಗೂಡಿಸಿದರು.

ಕಾಗದ ಹೊರಬಂತು. ಪ್ಲಾಸ್ಟಿಕ್ಕಿನ ಮಾತು ಒಳಹೋಯಿತು. ಅಧ್ಯಕ್ಷರು ಕೆಮ್ಮಿ, “ಮೊದಲ ಪಂದ್ಯಕ್ಕೆ ಒಂಬತ್ತು ವಾರ ಇದೆ. ಅಷ್ಟರಲ್ಲಿ ಮೈದಾನ ಸಿದ್ಧವಾಗಬೇಕು,” ಎಂದರು.

ಹಿಂದಿನ ಸಾಲಿನಲ್ಲಿ ನಿಂತಿದ್ದ ಅವನು ಅವಳನ್ನೇ ನೋಡುತ್ತಿದ್ದ. ಆ ನೋಟಕ್ಕೆ ಅವಳು ಕೂರುವುದನ್ನೇ ಮರೆತಳು.

* * *

ಆರನೇ ವಾರಕ್ಕೆ ಎಡಗಂಬದ ಪಕ್ಕ ಹಸಿರು ಚಿಗುರಿತ್ತು. ಆಗಲೇ ಸಲೂನಿನಲ್ಲಿ ಪೋಸ್ಟ್‌ಮಾಸ್ಟರು ಬಾಂಬು ಹಾಕಿದರು.

“ಕೇಳಿದ್ರಾ? ನಮ್ಮ ಹುಲ್ಲಿನ ಹುಡುಗನ್ನ ಕೆಂಪು ತಂಡದವರು ಕರೀತಿದಾರಂತೆ! ದೊಡ್ಡ ಕ್ರೀಡಾಂಗಣ, ಕೈಕೆಳಗೆ ಎಂಟು ಜನ. ಹೋಗೋದು ಖಾತ್ರಿಯಂತೆ.”

ಅವಳ ಎದೆ ಧಸಕ್ಕೆಂದಿತು. ‘ನಿನ್ನೆ ಒಂದು ಗಂಟೆ ಜೊತೆಗಿದ್ದನಲ್ಲ, ಒಂದು ಮಾತು ಹೇಳಲಿಲ್ಲ. ನಂಗೆ ಹೇಳೋಕೆ ನಾನು ಅವನಿಗೆ ಯಾರು? ಬೈದವಳು. ಕ್ಷಮಿಸಿದ, ಅಲ್ಲಿಗೆ ಮುಗೀತು…’

ಮರುದಿನ ಮೈದಾನಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ನಿಲ್ದಾಣದ ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ ಕೇಳಿಬಂತು:

“ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಬಸ್ಸು ಕೆಂಪು ತಂಡಕ್ಕೆ ಹೊರಡಲಿದೆ.”

ಪ್ರಯಾಣಿಕರು ಕಕ್ಕಾಬಿಕ್ಕಿ! ಮೇಲಧಿಕಾರಿ ಓಡಿಬಂದು, “ಏನಮ್ಮಾ, ಆರೋಗ್ಯ ಸರಿ ಇದೆಯಾ?” ಎಂದರು.

ಹೀಗೆ ಮೂರು ವಾರ ಕಳೆಯಿತು. ಮೊದಲ ಪಂದ್ಯದ ದಿನ ಬೆಳಿಗ್ಗೆ, ನೀಲಿ ಅಂಗಿ ಹಾಕದೆ ಮೂಲೆಯಲ್ಲಿ ಕೂತ ಮಗಳನ್ನು ನೋಡಿ ಅಪ್ಪ ಅವಳ ಪಕ್ಕದಲ್ಲಿ ಕೂತರು.

“ಊರಿಗೆಲ್ಲ ಯಾವ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಹೇಳ್ತೀಯ. ಆ ಹುಡುಗ ಎಲ್ಲಿಗೆ ಹೋಗ್ತಾನೆ ಅಂತ ಅವನನ್ನೇ ಕೇಳೋಕೆ ನಿಂಗೆ ಬಾಯಿಲ್ವಾ ಮಗಳೇ?”

“ಅಪ್ಪಾ… ನಿಮಗೆ ಹೇಗೆ…?”

“ಮೂರು ವಾರದಿಂದ ನೀನು ನನ್ನ ತಿಂಡಿ ಡಬ್ಬಿಗೆ ಬರೀ ಚಮಚ ಹಾಕಿ ಕಳಿಸ್ತಿದೀಯ. ನಂಗೆ ಅಷ್ಟೂ ಗೊತ್ತಾಗಲ್ವಾ?”

ಅವಳು ಅಳುತ್ತಲೇ ನಕ್ಕಳು. ನಗುತ್ತಲೇ ಎದ್ದು ಓಡಿದಳು.

* * *

ಗೇಟು ತೆರೆಯಲು ಇನ್ನೂ ಎರಡು ಗಂಟೆಯಿತ್ತು. ಮೈದಾನ ಹಸಿರು ರೇಷ್ಮೆಯಂತೆ ಹರಡಿತ್ತು. ಅವನು ಗೋಲಿನ ಮುಂದೆ ಸುಣ್ಣದ ಗಾಡಿ ತಳ್ಳುತ್ತಾ ಬಿಳಿ ಗೆರೆ ಎಳೆಯುತ್ತಿದ್ದ.

“ನೀವು ಹೋಗ್ತೀರಾ?”

ಖಾಲಿ ಗ್ಯಾಲರಿಯಲ್ಲೆಲ್ಲ ಆ ದನಿ ಮೊಳಗಿತು. ಅವನ ಕೈ ಜಾರಿತು, ಗೆರೆ ಹಾವಿನಂತೆ ಸೊಟ್ಟಗಾಯಿತು.

“ಎಲ್ಲಿಗೆ?”

“ಕೆಂಪು ತಂಡಕ್ಕೆ!”

“ಅವರು ಕೇಳಿದ ದಿನಾನೇ ಆಗಲ್ಲ ಅಂದೆ.”

“ಮತ್ತೆ… ನಂಗೆ ಯಾಕೆ ಹೇಳಲಿಲ್ಲ?”

“ಹೇಳೋಣ ಅಂತ ಮರುದಿನ ಬೆಳಿಗ್ಗೆ ಕಾದೆ. ನೀವು ಬರಲಿಲ್ಲ.” ಅವನು ಗಾಡಿಯ ಹಿಡಿ ಬಿಟ್ಟು ನೆಟ್ಟಗೆ ನಿಂತ. “ದಿನಾ ಕಾದೆ. ಹುಲ್ಲು ಬಂತು, ಇವರ ತಪ್ಪಿನ ಲೆಕ್ಕ ತೀರಿತು, ಇನ್ಯಾಕೆ ಬರ್ತಾರೆ ಅನ್ಕೊಂಡೆ.”

“ನಾನು ಹುಲ್ಲಿಗೋಸ್ಕರ ಬರ್ತಿದ್ದೆ ಅನ್ಕೊಂಡ್ರಾ?”

“ಮತ್ತೆ?”

ಸಾವಿರಾರು ಜನರಿಗೆ ದಿನವೂ ದಾರಿ ಹೇಳುವ ದನಿ ಈಗ ಪಿಸುಮಾತಾಯಿತು. “ಮೊದಲ ವಾರ ತಪ್ಪಿಗೋಸ್ಕರ ಬಂದೆ. ಆಮೇಲೆ ಬಂದಿದ್ದೆಲ್ಲ… ನಿಮಗೋಸ್ಕರ. ನೀವಂದ್ರೆ ನಂಗೆ ಇಷ್ಟ.”

ಅವನು ಗಾಡಿ ದಾಟಿ ಹತ್ತಿರ ಬಂದ. ಕಣ್ಣು ತುಂಬಿಬಂತು.

“ಏನಾದ್ರೂ ಹೇಳಿ! ನನ್ನ ಎದೆ ಹೊಡ್ಕೊಳ್ತಿರೋದು ಗ್ಯಾಲರಿಗೂ ಕೇಳ್ಸುತ್ತೆ ಈಗ!”

“ನಾನು ಆ ಕೆಲಸ ಬಿಟ್ಟಿದ್ದು ಅಪ್ಪನ ಹುಲ್ಲಿಗೋಸ್ಕರ ಅಂತ ಎಲ್ಲರಿಗೂ ಹೇಳಿದೀನಿ,” ಎಂದ ಕೊನೆಗೆ. “ಅರ್ಧ ನಿಜ. ಇನ್ನರ್ಧ ಬಸ್ ನಿಲ್ದಾಣದಲ್ಲಿ ಕೆಲಸ ಮಾಡುತ್ತೆ.”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಮೆಲ್ಲಗೆ ಒಂದು ಕೈ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡ. ಸುಣ್ಣ ಮೆತ್ತಿದ, ಒರಟಾದ, ಬೆಚ್ಚನೆಯ ಕೈ.

“ಇನ್ಮೇಲೆ ನನ್ನ ‘ನೀವು’ ಅನ್ನಬೇಡಿ,” ಎಂದ.

“‘ಬೇಡಿ’ ಅಂತ ನೀವೇ ಬಹುವಚನದಲ್ಲಿ ಹೇಳ್ತಿದೀರಲ್ಲ!”

“ಸರಿ. ಅನ್ನಬೇಡ.”

“ಹಾಗಾದ್ರೆ… ನೀನು ಈ ಸೀಸನ್ ಇಲ್ಲೇ ಇರ್ತೀಯ?”

“ಇರ್ತೀನಿ.”

“ಮುಂದಿನ ಸೀಸನ್?”

“ನೀನಿದ್ರೆ.”

“ಅದರ ಮುಂದಿನದು?”

ಅವನು ನಕ್ಕ. “ಮೊದಲು ಈ ಸೊಟ್ಟ ಗೆರೆ ಅಳಿಸೋಕೆ ಕೈ ಹಾಕು. ಇನ್ನೆರಡು ಗಂಟೇಲಿ ಗೇಟು ತೆರೀತಾರೆ. ಮಿಕ್ಕಿದ್ದಕ್ಕೆ ಇಡೀ ಜೀವನ ಇದೆ.”