ರಸ್ತೆ ಮೇಲಿನ ಹುರಳಿ

"ಹೈ! ಹೈ! ನಡಿ ಆಚೆ! ನಿಮ್ಮಪ್ಪ ಬಿತ್ತಿದ ಹುರಳಿ ಅಂತ ತಿಳದಿಯೇನ?"

ಗುರಲಿಂಗವ್ವ ಕೋಲು ಬೀಸಿದಳು. ಎಮ್ಮೆ ಬಾಯಿಗೆ ಸಿಕ್ಕಷ್ಟು ಬಳ್ಳಿ ಎಳೆದುಕೊಂಡೇ ಓಡಿತು. ಎಮ್ಮೆಗೆ ನಾಚಿಕೆ ಎಲ್ಲಿಂದ ಬರಬೇಕು! ಗುರಲಿಂಗವ್ವ ಕೆಳಗೆ ಬಿದ್ದ ಬಳ್ಳಿಯನ್ನು ಹೆಕ್ಕಿ ತಂದು ಮತ್ತೆ ರಸ್ತೆಯ ಮೇಲೆ ಹರವಿದಳು.

ಹುರಳಿ ಅವಳದಲ್ಲ, ಪಕ್ಕದ ಮನೆಯ ದುರ್ಗವ್ವನದು. ಒಣಗಿದ ಹುರಳಿ ಬಳ್ಳಿಯನ್ನು ಬಾದಾಮಿಗೆ ಹೋಗುವ ಡಾಂಬರು ರಸ್ತೆಯ ಮೇಲೆ ಉದ್ದಕ್ಕೂ ಹಾಸಿದ್ದರು. ಬಸ್ಸು, ಲಾರಿ, ಚಕ್ಕಡಿ ಅದರ ಮೇಲೆ ಹಾಯ್ದರೆ ಕಾಯಿ ಒಡೆದು ಕಾಳು ಉದುರುತ್ತದೆ. ಎಪ್ಪತ್ತೆಂಟು–ಎಪ್ಪತ್ತೊಂಬತ್ತರ ಆ ದಿನಗಳಲ್ಲಿ ಎತ್ತು ಇಲ್ಲದವರಿಗೆ ಸರಕಾರದ ಬಸ್ಸೇ ಎತ್ತು. ಮೇವು ಹಾಕಬೇಕಿಲ್ಲ, ನೀರು ಕುಡಿಸಬೇಕಿಲ್ಲ!

ದುರ್ಗವ್ವನ ಗಂಡ ಇಳಕಲ್ಲಿಗೆ ಮಗ್ಗದ ಕೆಲಸಕ್ಕೆ ಹೋಗಿದ್ದ. ಸಣ್ಣ ಮಗನಿಗೆ ಮೂರು ದಿನದಿಂದ ಜ್ವರ. ಬೆಳಿಗ್ಗೆ ಅವನನ್ನು ಹೆಗಲಿಗೆ ಹಾಕಿಕೊಂಡು ಬಾದಾಮಿ ಬಸ್ಸು ಹತ್ತುವಾಗ ದುರ್ಗವ್ವ ಹೇಳಿದ್ದಳು: "ಗುರವ್ವಾ, ಇವತ್ತ ಸಾಲಿ ಇಲ್ಲಲ್ಲ? ದವಾಖಾನಿಗೆ ಹೋಗಿ ಸಂಜಿ ಬಸ್ಸಿಗೆ ಬರ್ತೇನಿ. ಅಲ್ಲೀತನಕ ಈ ಕಣಕ್ಕ ನೀನ ಮಾಲಕತಿ. ಮಳಿಗಾಲ ಬರೂತನ ನಮ್ಮ ಮನಿ ಸಾರು, ಉಸುಳಿ ಎಲ್ಲಾ ಇದರಾಗ ಐತಿ. ಒಂದ ಕಾಳು ಆಚೆ ಹೋಗಬಾರದು ನೋಡು."

ಮಾಲಕತಿ ಅನ್ನಿಸಿಕೊಂಡದ್ದು ಐದನೇ ಇಯತ್ತೆಯ ಗುರಲಿಂಗವ್ವನಿಗೆ ಭಾರಿ ಖುಷಿ ಕೊಟ್ಟಿತ್ತು. ಬೆಳಗಿನಿಂದ ಕೋಳಿ, ಆಡು, ಹಂದಿ ಎಲ್ಲವನ್ನೂ ಓಡಿಸಿದ್ದಳು. ಆದರೆ ಈಗ ಮನಸ್ಸು ಹುರಳಿಯ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಮತ್ತೆ ಮತ್ತೆ ಗುಡ್ಡದ ಕಡೆ ನೋಡುತ್ತಿದ್ದಳು.

ಗುಡ್ಡಕ್ಕೆ ಬೆಂಕಿ ಬಿದ್ದಿತ್ತು.

ಪ್ರತಿ ವರ್ಷ ಯಾರೋ ಒಬ್ಬರು ಗುಡ್ಡದ ಒಣ ಹುಲ್ಲಿಗೆ ಬೆಂಕಿ ಇಡುತ್ತಾರೆ. ಸುಟ್ಟರೆ ಮಳೆಗಾಲದಲ್ಲಿ ಹೊಸ ಹುಲ್ಲು ಚೆನ್ನಾಗಿ ಬರುತ್ತದಂತೆ. ಯಾರು ಇಟ್ಟರು ಅಂತ ಕೇಳಿದರೆ ಊರಿಗೆ ಊರೇ "ನಾ ಅಲ್ಲ" ಅನ್ನುತ್ತದೆ! ಬೇರೆ ವರ್ಷ ಬೆಂಕಿ ಗುಡ್ಡದ ನೆತ್ತಿಯಲ್ಲೇ ಉರಿದು ಆರುತ್ತಿತ್ತು. ಈ ಸಲ ಮಧ್ಯಾಹ್ನ ಗಾಳಿ ತಿರುಗಿತು, ಬೆಂಕಿ ಕೆಳಗೆ ಇಳಿಯತೊಡಗಿತು.

ಊರವರೆಲ್ಲ ಬೇವಿನ ಟೊಂಗೆ ಮುರಿದುಕೊಂಡು ಬೆಂಕಿ ಬಡಿಯಲು ಗುಡ್ಡ ಹತ್ತಿದ್ದರು. ಗುರಲಿಂಗವ್ವನ ಅವ್ವ ಸಾವಿತ್ರೆವ್ವನೂ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು.

"ಯವ್ವಾ, ನಾನೂ ಬರ್ತೇನಿ."

"ಬಂದು ಏನ್ ಮಾಡ್ತಿ? ಬೆಂಕಿ ಅಂದ್ರ ಆಟ ಅಂತ ಮಾಡಿಯೇನ? ಇಲ್ಲೇ ಇರು. ರಸ್ತೆ ಬಿಟ್ಟು ಎಲ್ಲೂ ಹೋಗಬ್ಯಾಡ."

ಗುರಲಿಂಗವ್ವ ರಸ್ತೆಯಲ್ಲೇ ಉಳಿದಳು. ಕೂತಳು, ಎದ್ದಳು, ಮತ್ತೆ ಕೂತಳು. ಗಾಳಿಯಲ್ಲಿ ಕಪ್ಪು ಬೂದಿ ಹಾರಿ ಬಂದು ಹುರಳಿಯ ಮೇಲೆ ಬೀಳುತ್ತಿತ್ತು. ಅವಳು ಒಂದೊಂದೇ ಎಸಳು ಆರಿಸಿ ಎಸೆದಳು. ಆಮೇಲೆ ಆರಿಸಿ ಮುಗಿಯದಷ್ಟು ಬೀಳತೊಡಗಿತು. ಒಂದು ಮೊಲ ಹುರಳಿಯ ಮೇಲೆಯೇ ಜಿಗಿದು ಊರ ಕಡೆ ಓಡಿತು. ಮೊಲ ಹಗಲಲ್ಲಿ ಊರಿಗೆ ಬರುತ್ತದೆಯೇ?

ರಸ್ತೆಯ ಈಚೆ ಬದಿ ಊರು. ಊರ ಮುಂದೆಯೇ ಸಾಲಾಗಿ ಬಣವೆಗಳು. ವರ್ಷವಿಡೀ ದನಗಳಿಗೆ ಬೇಕಾದ ಮೇವೆಲ್ಲ ಅಲ್ಲಿ ಒಟ್ಟಿತ್ತು. ಎಲ್ಲಕ್ಕಿಂತ ದೊಡ್ಡದು ಮಲಕಪ್ಪ ಕಾಕಾನದು. ಬಣವೆಗಳ ಬೆನ್ನಿಗೇ ಮನೆಗಳು. ಅದರಲ್ಲಿ ಗುರಲಿಂಗವ್ವನ ಮನೆಯೂ ಇತ್ತು.

ಹೊಗೆಯೊಳಗಿನಿಂದ ಹಾರ್ನ್ ಕೇಳಿತು. ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಬಸ್ಸು ಹುರಳಿಯ ಹತ್ತಿರ ಬಂದು ಗಕ್ಕನೆ ನಿಂತಿತು. ಡ್ರೈವರ್ ಅಬ್ದುಲಸಾಬ ಕೆಳಗಿಳಿದ. ದಿನಾ ಈ ಊರು ಬಂದಾಗ ಬಸ್ಸು ನಿಧಾನ ಮಾಡಿ, ಹುರಳಿಯ ಮೇಲೆ ಸರಿಯಾಗಿ ಗಾಲಿ ಹಾಯಿಸಿಕೊಂಡು ಹೋಗುವವನು ಅವನೇ.

"ಏ ಬೇಟಿ, ಒಬ್ಬಾಕಿನ ನಿಂತಿಯಲ್ಲ! ಊರ ಮಂದಿ ಎಲ್ಲಿ?"

"ಗುಡ್ಡಕ್ಕ ಹೋಗ್ಯಾರ ಚಾಚಾ. ಬೆಂಕಿ ಬಡಿಯಾಕ."

ಬಸ್ಸಿನ ಮಂದಿಯೂ ಕೆಮ್ಮುತ್ತ ಇಳಿದರು. ಬೆಂಕಿ ಈಗ ಚಟಚಟ ಸದ್ದು ಮಾಡುತ್ತ ಗುಡ್ಡದ ಬುಡಕ್ಕೆ ಬಂದಿತ್ತು. ಸ್ವಲ್ಪ ದೂರದಲ್ಲಿ, ರಸ್ತೆ ಬರಿದಾಗಿದ್ದ ಕಡೆ, ಅದು ಡಾಂಬರಿನ ಅಂಚಿನವರೆಗೆ ಓಡಿ ಬಂತು. ಅಲ್ಲಿ ತಿನ್ನಲು ಏನೂ ಸಿಗದೆ ಆಚೆ ಈಚೆ ನೆಕ್ಕಿ ಆರಿಹೋಯಿತು. ಗುರಲಿಂಗವ್ವ ಅದನ್ನೇ ನೋಡಿದಳು. ಬೆಂಕಿಗೆ ರಸ್ತೆ ದಾಟಲು ಬರುವುದಿಲ್ಲ! ಆಮೇಲೆ ತನ್ನ ಕಾಲ ಬಳಿ ನೋಡಿದಳು. ಇಲ್ಲಿ ರಸ್ತೆ ಕಾಣುತ್ತಲೇ ಇರಲಿಲ್ಲ. ಗುಡ್ಡದ ಬದಿಯಿಂದ ಊರ ಬದಿಯವರೆಗೆ ಒಣ ಹುರಳಿ ಹಾಸಿತ್ತು.

"ಚಾಚಾ, ಈ ಹುರಳಿ ಮ್ಯಾಲಿಂದ ಬೆಂಕಿ ದಾಟತೈತಿ!"

"ಖರೆ ಐತಿ," ಅಂದ ಅಬ್ದುಲಸಾಬ. "ಲಗೂನ ತಗೀಬೇಕು."

ಒಬ್ಬಿಬ್ಬರು ಮುಂದೆ ಬಂದರು. ಅಷ್ಟರಲ್ಲಿ ತಲೆಗೆ ಪಟಕಾ ಸುತ್ತಿದ ಮುದುಕರೊಬ್ಬರು ಕೈ ಅಡ್ಡ ಹಿಡಿದರು. "ತಡೀರೆಪಾ. ಮಂದಿ ಕಣ ಇದು. ಮಾಲಕರನ್ನ ಕೇಳದ ಕಣಕ್ಕ ಕೈ ಹಚ್ಚಬಾರದು. ಯಾರ ಹುರಳಿ ಇದು?"

"ದುರ್ಗವ್ವತ್ತೀದು ರೀ. ಆಕಿ ಬಾದಾಮಿಗೆ ಹೋಗ್ಯಾಳ." ಗುರಲಿಂಗವ್ವ ಕೋಲು ನೆಲಕ್ಕೆ ಊರಿದಳು. "ಆಕಿ ಬರೂತನ... ನಾನ ರೀ ಮಾಲಕತಿ."

ಎಲ್ಲರೂ ಅವಳ ಮುಖ ನೋಡಿದರು. ಯಾರೂ ನಗಲಿಲ್ಲ.

"ಊರ ಕಡೆ ಎಳೀರಿ ಹಂಗಾರ," ಅಂದಳು ಅವಳು. "ಬಣವಿ ಕಡೆ ಒಟ್ರಿ."

"ಬ್ಯಾಡ ಬೇಟಿ. ಕಿಡಿ ಹಾರಾಕತ್ತಾವ. ಆ ಕಡೆ ಒಟ್ಟಿದ್ರ ಬಣವಿಗೆ ನಾವ ಬೆಂಕಿ ಇಟ್ಟಂಗ ಆಗತೈತಿ. ಕೈಗೆ ಸಿಕ್ಕಷ್ಟು ಬಸ್ಸಿನಾಗ ಹಾಕೂನು. ಉಳಿದದ್ದನ್ನ ಗುಡ್ಡದ ಕಡೆ ತಗ್ಗಿಗೆ ದಬ್ಬಬೇಕು." ಅಬ್ದುಲಸಾಬ ಅವಳ ಕಡೆ ತಿರುಗಿದ. "ದಬ್ಬಿದ್ದು ಉಳಿಯಾಂಗಿಲ್ಲ. ನೀ ಹೇಳು."

ಒಂದ ಕಾಳು ಆಚೆ ಹೋಗಬಾರದು ಅಂದಿದ್ದಳು ದುರ್ಗವ್ವ. ಗುರಲಿಂಗವ್ವ ಹರವಿದ ಹುರಳಿಯನ್ನೊಮ್ಮೆ ನೋಡಿದಳು. ತನ್ನ ಮನೆಯದೇ ಆಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಮಂದಿಯ ಹುರಳಿಯನ್ನು ಬೆಂಕಿಗೆ ಕೊಡು ಅಂತ ಹೇಗೆ ಹೇಳುವುದು? ಅವ್ವನಾದರೂ ಇರಬಾರದೇ ಇಲ್ಲಿ!

ಬಿಸಿ ಗಾಳಿ ಮುಖಕ್ಕೆ ಬಡಿಯಿತು.

"ದಬ್ರಿ!" ಅಂತ ಅವಳು ಕೂಗಿದಳು. ಕೂಗಿದ ಕೂಡಲೇ ಅಳು ಬಂತು.

ಪಟಕಾದ ಮುದುಕರು ಹುರಳಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಕಣದೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಕಾಲಿಡುವುದಿಲ್ಲ. ಬೆಂಕಿ ಎದುರಿಗೇ ಇದ್ದರೂ ಉಳಿದವರೂ ಹಾಗೇ ಬಿಟ್ಟರು. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ, "ಹಾ, ಹೂ" ಅನ್ನುತ್ತ ದಬ್ಬತೊಡಗಿದರು. ಕೆಲವರು ಬಳ್ಳಿಯನ್ನು ತಬ್ಬಿ ಬಸ್ಸಿನೊಳಗೆ ಒಗೆದರು.

"ಏ ಬಸ್ಸಿನಾಗ ಹೊಟ್ಟು ತುಂಬಬ್ಯಾಡ್ರಿ! ಚೆಕಿಂಗ್ ಬಂದ್ರ ನನ್ನ ನೌಕರಿ ಹೋಗತೈತಿ!" ಅಂತ ಕಂಡಕ್ಟರ್ ಬಾಯಿ ಬಾಯಿ ಬಡಿದುಕೊಂಡ. ಬಡಿದುಕೊಳ್ಳುತ್ತಲೇ ತಾನೂ ಎರಡು ಹೊರೆ ತಂದು ಹಾಕಿದ. ಆಮೇಲೆ "ಸಾಕು, ಸಾಕು! ರಿವರ್ಸ್!" ಅಂತ ಸೀಟಿ ಊದಿದ.

ಗುರಲಿಂಗವ್ವ ಕೈಯಿಂದ, ಕಾಲಿಂದ, ಕೋಲಿನಿಂದ ದಬ್ಬಿದಳು. ರಸ್ತೆ ಕಪ್ಪಗೆ ಬರಿದಾಯಿತು. ಎಲ್ಲರೂ ಹಿಂದೆ ಓಡಿದರು.

ಬೆಂಕಿ ತಗ್ಗಿಗೆ ಇಳಿದು ಹುರಳಿಯನ್ನು ಹಿಡಿಯಿತು. ರಸ್ತೆಬದಿಯ ಬೇವಿನ ಮರದೆತ್ತರ ಉರಿ ಎದ್ದಿತು. ಕಾಳು ಪಟಪಟ ಸಿಡಿದವು. ಹುರಿದ ಹುರಳಿಯ ಘಮ ರಸ್ತೆಯ ತುಂಬ ಹರಡಿತು. ಬೇರೆ ದಿನವಾಗಿದ್ದರೆ ಆ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು, ಇಂದು ಗುರಲಿಂಗವ್ವ ಮೂಗು ಮುಚ್ಚಿಕೊಂಡಳು.

ಬೆಂಕಿ ಡಾಂಬರಿನ ಅಂಚಿನಲ್ಲಿ ನಿಂತು ಬುಸುಗುಟ್ಟಿತು. ಅಲ್ಲೊಂದು ಇಲ್ಲೊಂದು ಕಿಡಿ ಈಚೆ ಹಾರಿತು. ಮಂದಿ ಒದ್ದೆ ಟವೆಲ್ಲು ಹಿಡಿದು ಬಡಿದು ಬಡಿದು ಆರಿಸಿದರು. ಸ್ವಲ್ಪ ಹೊತ್ತಿಗೆ ಉರಿ ತಗ್ಗಿ ಹೊಗೆ ಮಾತ್ರ ಉಳಿಯಿತು.

ಮಸಿ ಮೋರೆಯ ಊರವರು ಗುಡ್ಡದಿಂದ ಓಡಿ ಬಂದರು. ಎಲ್ಲ ತಿಳಿದ ಮೇಲೆ ಮಲಕಪ್ಪ ಕಾಕಾ ಗುರಲಿಂಗವ್ವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. "ಭಲೇ ಹುಡುಗಿ! ಊರ ಉಳಿಸಿದಿ ನೋಡು! ನಮ್ಮೂರ ಹುಲಿ ಇದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗುರಲಿಂಗವ್ವನಿಗೆ ಮಾತ್ರ ಹೆಗಲ ಮೇಲೆ ಕೂರಲಾಗಲಿಲ್ಲ. "ಇಳಸ್ರಿ ಕಾಕಾ, ಇಳಸ್ರಿ," ಅಂತ ಒದ್ದಾಡಿ ಇಳಿದಳು. ಸಂಜೆ ಬಸ್ಸು ಕೆಟ್ಟು ನಿಲ್ಲಲಿ ದೇವರೇ ಅಂದುಕೊಂಡಳು. ಬಸ್ಸು ಕೆಡಲಿಲ್ಲ, ಬಂದೇ ಬಂತು.

ದುರ್ಗವ್ವ ಮಗನನ್ನು ಹೆಗಲಿಗೆ ಹಾಕಿಕೊಂಡು ಇಳಿದಳು. ಕರಿ ಗುಡ್ಡ ನೋಡಿದಳು, ಬರಿ ರಸ್ತೆ ನೋಡಿದಳು.

"ನನ್ನ ಹುರಳಿ ಎಲ್ಲೈತಿ?"

ಅಬ್ದುಲಸಾಬ ಇಳಿಸಿಹೋದ ನಾಲ್ಕು ಹೊರೆ ಬೇವಿನ ಮರದ ಕೆಳಗಿತ್ತು. ಗುರಲಿಂಗವ್ವ ಅದನ್ನು ತೋರಿಸಿ, ತಡವರಿಸುತ್ತ ಎಲ್ಲ ಹೇಳಿದಳು.

"ಯಾರನ್ನ ಕೇಳಿ ದಬ್ಬಿಸಿದಿ? ಆಂ? ಕಾಯಾಕ ಹೇಳಿದ್ರ ಬೆಂಕಿಗೆ ಹಾಕತಾರೇನ?" ಅಂದಳು ದುರ್ಗವ್ವ.

"ಏ ಹೋಗ್ಲಿ ಬಿಡ ದುರ್ಗವ್ವಾ," ಮಲಕಪ್ಪ ನಕ್ಕ. "ಊರು ಉಳೀತಲ್ಲ. ಅದು ದೊಡ್ಡದು."

"ನಿನ್ನ ಬಣವಿ ಉಳೀತು, ನಿನಗ ಊರು ಉಳೀತು. ನನ್ನ ಗಡಿಗ್ಯಾಗ ಏನ ಉಳೀತು? ನಿನ್ನ ಬಣವಿ ದಬ್ಬಿದ್ರ ಹಿಂಗ ನಗತಿದ್ದಿ ಏನೋ ಮಲಕಪ್ಪಾ?"

ಒಬ್ಬೊಬ್ಬರೇ ದನ ಕಟ್ಟುವ ನೆಪ ಹೇಳಿ ಜಾಗ ಖಾಲಿ ಮಾಡಿದರು. ದುರ್ಗವ್ವ ಮಗನನ್ನು ಮಲಗಿಸಿ ಬಂದು, ಉಳಿದ ಹೊರೆಗಳನ್ನು ಒಬ್ಬಳೇ ಮನೆಗೆ ಹೊತ್ತಳು. ಗುರಲಿಂಗವ್ವ ಕೈ ಹಾಕಲು ಹೋದರೆ, "ಮುಟ್ಟಬ್ಯಾಡ" ಅಂದಳು.

ಆ ಮಾತು ರಾತ್ರಿಯೂ ಅವಳನ್ನು ಬಿಡಲಿಲ್ಲ. ತಾನು ಮಾಡಿದ್ದು ತಪ್ಪೇ? ತಪ್ಪಲ್ಲ. ಬಣವೆಗೆ ಬೆಂಕಿ ಹತ್ತಿದ್ದರೆ ದುರ್ಗವ್ವನ ಮನೆಯೂ ಸುಡುತ್ತಿತ್ತು. ಆದರೆ ಶಾಬಾಸ್ ಎಲ್ಲ ತನಗೆ ಬಂತು, ಹುರಳಿ ಹೋದದ್ದು ಮಾತ್ರ ದುರ್ಗವ್ವನದು.

ಬೆಳಿಗ್ಗೆ ಅವಳು ಬುಟ್ಟಿ ತೆಗೆದುಕೊಂಡು ಅವ್ವನ ಮುಂದೆ ನಿಂತಳು. "ಯವ್ವಾ, ನಮ್ಮ ಗಡಿಗ್ಯಾಗ ಹುರಳಿ ಅದಾವಲ್ಲ?"

ಸಾವಿತ್ರೆವ್ವ ಮಗಳ ಮುಖ ನೋಡಿದಳು. ಏನೂ ಕೇಳದೆ ಬೊಗಸೆ ಬೊಗಸೆ ತೆಗೆದು ಬುಟ್ಟಿಗೆ ಹಾಕಿದಳು.

ಗುರಲಿಂಗವ್ವ ಮಲಕಪ್ಪನ ಬಾಗಿಲಿಗೆ ಹೋದಳು. "ಕಾಕಾ, ದುರ್ಗವ್ವತ್ತಿ ಹುರಳಿ ಕೇಳಾಕ ಬಂದೇನಿ."

"ಓಹೋ, ನಮ್ಮ ಹುಲಿ ಬಂತು! ನನ್ನ ಹಂತ್ಯಾಕ ಆಕಿ ಹುರಳಿ ಎಲ್ಲೈತಿ?"

ಅವಳು ಅಂಗಳದಾಚೆಯ ಬಣವೆಯ ಕಡೆ ಬೆರಳು ತೋರಿಸಿದಳು. "ಅಲ್ಲಿ ಐತಿ ರೀ."

ಮಲಕಪ್ಪನ ನಗು ನಿಂತಿತು. ಬಣವೆಯ ಕಡೆ ತಿರುಗಿ ನೋಡಿದ. ಮೋರೆ ಕೆಂಪಾಯಿತು. ಆಮೇಲೆ ಒಳಗೆ ಹೋಗಿ ದೊಡ್ಡ ಪಾತ್ರೆ ತುಂಬ ಹುರಳಿ ತಂದು, ತುಳುಕದಂತೆ ಸುರಿದ. "ತಡಿ, ನಾನೂ ನಾಲ್ಕ ಮನಿಗೆ ಬರ್ತೇನಿ," ಅಂದ.

ಬುಟ್ಟಿ ಸಾಲದೆ ಚೀಲ ಬಂತು. ಒಂದು ಮನೆಯವರು ಬಾಗಿಲೇ ತೆರೆಯಲಿಲ್ಲ. ಚೀಲ ಅರ್ಧಕ್ಕಿಂತ ತುಸು ಮೇಲೆ ತುಂಬಿತು, ಪೂರ್ತಿ ತುಂಬಲಿಲ್ಲ.

ದುರ್ಗವ್ವ ಕಟ್ಟೆಯ ಮೇಲೆ ಕೂತು ಹುರಳಿ ಕಾಯಿ ಬಡಿಯುತ್ತಿದ್ದಳು. ಮಲಕಪ್ಪ ತಲೆ ತಗ್ಗಿಸಿ ಚೀಲ ಇಳಿಸಿ ಹೋದ. ಗುರಲಿಂಗವ್ವ ಮಾತ್ರ ನಿಂತಳು. ದುರ್ಗವ್ವ ಚೀಲದೊಳಗೆ ಕೈ ಹಾಕಿದಳು. ಕರಿ ಕಾಳು, ಕೆಂಪು ಕಾಳು, ಬಿಳಿ ಕಾಳು, ಎಲ್ಲ ಮನೆಯವೂ ಕಲೆತಿದ್ದವು.

"ಇಷ್ಟಕ್ಕ ನನ್ನ ಸಿಟ್ಟ ಇಳೀತೈತಿ ಅಂತ ತಿಳೀಬ್ಯಾಡ," ಅಂದಳು.

"ಇರ್ಲಿ ಅತ್ತಿ. ಸಿಟ್ಟ ಇರ್ಲಿ," ಅಂದಳು ಗುರಲಿಂಗವ್ವ. "ಸಾಲಿ ಬಿಟ್ಟ ಮ್ಯಾಲೆ ನಾ ಬಡಿಯಾಕ ಬರ್ಲೇನ?"

ದುರ್ಗವ್ವ ಕಾಯಿಯ ರಾಶಿಯನ್ನು ತುಸು ತನ್ನ ಕಡೆ ಎಳೆದುಕೊಂಡಳು. ಕಟ್ಟೆಯ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು.